ಇಜೆನ್ ಹತ್ತುವ ಮುನ್ನ: ಕಾಲಿಗಿಂತ ಉಸಿರಿನ ಲೆಕ್ಕ ಮುಖ್ಯ

ಪ್ರಶ್ನೆ: ಆಗಸ್ಟ್‌ನಲ್ಲಿ ಒಂದು ವಾರ ಬಾಲಿಗೆ ಹೋಗುತ್ತಿದ್ದೇವೆ. ಪಕ್ಕದ ಜಾವಾ ದ್ವೀಪದಲ್ಲಿರುವ ಇಜೆನ್ ಜ್ವಾಲಾಮುಖಿಗೆ ಒಂದು ದಿನದ ಚಾರಣ ಮಾಡುವ ಆಸೆ. ನನಗೆ 44 ವರ್ಷ, ಮಗನಿಗೆ 13. ಇಬ್ಬರೂ ಕುಮಾರ ಪರ್ವತ ಹತ್ತಿಳಿದವರು. ಹೆಂಡತಿಗೆ ಮೊದಲಿನಿಂದ ಸ್ವಲ್ಪ ಉಬ್ಬಸ ಇದೆ, ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆ. ಟೂರ್‌ನವರು ರಾತ್ರಿ ಬಾಲಿಯಿಂದ ಕರೆದುಕೊಂಡು ಹೋಗಿ ಮರುದಿನ ಮಧ್ಯಾಹ್ನ ವಾಪಸ್ ಬಿಡುತ್ತೇವೆ, ಗ್ಯಾಸ್ ಮಾಸ್ಕ್ ಕೂಡ ಕೊಡುತ್ತೇವೆ ಎನ್ನುತ್ತಾರೆ. ಮಗನಿಗೆ ಅಲ್ಲಿನ ನೀಲಿ ಬೆಂಕಿ ನೋಡಲೇಬೇಕಂತೆ. ಈ ಪ್ಲಾನ್ ಸರಿಯಿದೆಯಾ? ಏನೇನು ತಯಾರಿ ಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಮತ್ತು ಮಗ ಇಜೆನ್‌ನ ಕುಳಿಯ, ಅಂದರೆ ಜ್ವಾಲಾಮುಖಿಯ ಬಾಯಿಯ, ಅಂಚಿನವರೆಗೆ ಹೋಗಬಹುದು. ಕುಳಿಯೊಳಗೆ ಇಳಿಯಬೇಡಿ. ನಿಮ್ಮ ಮನೆಯವರು ಈ ಬೆಟ್ಟ ಹತ್ತುವುದು ಬೇಡ. ರಾತ್ರಿಯಿಡೀ ಗಾಡಿಯಲ್ಲಿ ಕೂತು, ನಿದ್ದೆಗೆಟ್ಟು ಹತ್ತುವ ಪ್ಲಾನ್ ಕೂಡ ಬೇಡ. ಆಸೆಗೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ. ಇಜೆನ್ ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಬೆಟ್ಟಗಳನ್ನು ಹತ್ತಿದ ಲೆಕ್ಕದಲ್ಲಿ ಅದನ್ನು ಅಳೆದರೆ ತಪ್ಪಾಗುತ್ತದೆ.

ಕಾಲಿನ ಮಟ್ಟಿಗೆ ನೀವು ಚಿಂತೆ ಮಾಡಬೇಕಿಲ್ಲ. ಚಾರಣ ಶುರುವಾಗುವ ಜಾಗದ ಹೆಸರು ಪಾಲ್ಟುಡಿಂಗ್. ಅದೇ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಂದರೆ ಗಾಡಿ ಇಳಿಯುವಾಗಲೇ ನೀವು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಇರುತ್ತೀರಿ. ಅಲ್ಲಿಂದ ಕುಳಿಯ ಅಂಚಿಗೆ 3 ಕಿಲೋಮೀಟರ್ ದಾರಿ, ಸುಮಾರು 500 ಮೀಟರ್ ಏರಿಕೆ. ಮೊದಲ 2 ಕಿಲೋಮೀಟರ್ ಕಡಿದು. ಆಮೇಲೆ ದಾರಿ ಬೆಟ್ಟದ ಪಕ್ಕೆ ಹಿಡಿದು ಸಲೀಸಾಗಿ ಹೋಗುತ್ತದೆ. ನಿಧಾನವಾಗಿ ನಡೆದರೂ ಎರಡು ಗಂಟೆಯಲ್ಲಿ ಅಂಚು ಸಿಗುತ್ತದೆ. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ಏರಿದವರಿಗೆ ಇದು ಏನೇನೂ ಅಲ್ಲ. ದಾರಿಯ ಎರಡೂ ಬದಿ ಗಾಳಿಮರದ ಜಾತಿಯ ಕಾಡು. ಕೆಳಗಿನ ಪ್ರಸ್ಥಭೂಮಿಯಲ್ಲಿ ಡಚ್ಚರ ಕಾಲದಿಂದ ಬಂದ ಕಾಫಿ ತೋಟಗಳಿವೆ. ಚಿಕ್ಕಮಗಳೂರು, ಕೊಡಗು ಕಡೆಯವರಿಗೆ ಪರಿಚಿತ ಊರಿಗೆ ಬಂದ ಹಾಗೇ ಅನ್ನಿಸುತ್ತದೆ.

ಈ ಪರಿಚಿತ ಭಾವನೆಯಲ್ಲಿ ಮೈಮರೆಯುವುದೇ ಅಪಾಯ. ನಮ್ಮ ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ನಮ್ಮನ್ನು ಸೋಲಿಸುವುದು ಏರು, ಬಿಸಿಲು, ಮಳೆ, ಜಿಗಣೆ. ಇದೆಲ್ಲ ಕಣ್ಣಿಗೆ ಕಾಣುತ್ತದೆ, ಮೈಗೆ ಗೊತ್ತಾಗುತ್ತದೆ. ಇಜೆನ್‌ನಲ್ಲಿ ಅಪಾಯ ಇರುವುದು ಗಾಳಿಯಲ್ಲಿ. ಗಟ್ಟಿಮುಟ್ಟಾದ ಕಾಲು ಇದ್ದವರು ಬೇಗ ಒಳಗೆ ಹೋಗುತ್ತಾರೆ, ಜಾಸ್ತಿ ಹೊತ್ತು ನಿಲ್ಲುತ್ತಾರೆ, ಏದುಸಿರು ಬಿಡುತ್ತಾ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಫಿಟ್‌ನೆಸ್ ನಿಮ್ಮನ್ನು ಕಾಪಾಡುವುದಿಲ್ಲ.

ಆ ಗಾಳಿಯಲ್ಲಿ ಏನಿದೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಿಕ್ಕ ತಯಾರಿಯೆಲ್ಲ ಇದರ ಮೇಲೆ ನಿಂತಿದೆ. ಮುಖ್ಯವಾದದ್ದು ಸಲ್ಫರ್ ಡೈಆಕ್ಸೈಡ್. ಬೆಂಕಿಕಡ್ಡಿ ಗೀರಿದ ಕ್ಷಣ ಮೂಗಿಗೆ ತಾಗುವ ಘಾಟು ಇದೆಯಲ್ಲ, ಅದೇ. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಿಸಲು ಗಂಧಕ ಸುಡುತ್ತಾರೆ. ಅಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಈ ಅನಿಲ ಗಾಳಿಗಿಂತ ಎರಡು ಪಟ್ಟು ಭಾರ. ಕಣ್ಣು, ಗಂಟಲು, ಶ್ವಾಸನಾಳದ ತೇವದಲ್ಲಿ ಕರಗಿ ಅಲ್ಲೇ ಆಮ್ಲವಾಗುತ್ತದೆ. ಮೂಗಿನಲ್ಲಿ ಉಸಿರಾಡಿದರೆ ಅದರಲ್ಲಿ ಬಹುಪಾಲು ಮೂಗಿನ ತೇವದಲ್ಲೇ ಸಿಕ್ಕಿಕೊಳ್ಳುತ್ತದೆ. ಏರು ಹತ್ತುವಾಗ ನಾವು ಬಾಯಲ್ಲಿ ಉಸಿರಾಡುತ್ತೇವೆ. ಆಗ ಅದು ಸೀದಾ ಒಳಗೆ ಇಳಿಯುತ್ತದೆ.

ಎರಡನೆಯದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ. ಇದರ ಕೆಟ್ಟ ಗುಣ ಏನೆಂದರೆ, ಪ್ರಮಾಣ ಸ್ವಲ್ಪ ಇದ್ದಾಗ ವಾಸನೆ ಜೋರಾಗಿ ಬರುತ್ತದೆ, ತೀರಾ ಜಾಸ್ತಿಯಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಸಾಯಿಸಿಬಿಡುತ್ತದೆ. ‘ವಾಸನೆ ಹೋಯ್ತು, ಇನ್ನು ಪರವಾಗಿಲ್ಲ’ ಅಂತ ಜನ ಮುಂದೆ ಹೋಗುವುದು ಇಲ್ಲೇ. ಮೂರನೆಯದು ಕಾರ್ಬನ್ ಡೈಆಕ್ಸೈಡ್. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಗ್ಗಿನಲ್ಲಿ ಸುಮ್ಮನೆ ತುಂಬಿಕೊಂಡಿರುತ್ತದೆ.

ಈಗ ಕುಳಿಯ ಆಕಾರ ಕಲ್ಪಿಸಿಕೊಳ್ಳಿ. ಮೇಲೆ ಅಂಚು, ಒಳಗೆ ಕಡಿದಾದ ಗೋಡೆ, ತಳದಲ್ಲಿ ಕೆರೆ, ಕೆರೆಯ ದಡದಲ್ಲೇ ಗಂಧಕದ ಹೊಗೆ ಉಗುಳುವ ಬಿರುಕುಗಳು. ರಾತ್ರಿ ಮತ್ತು ನಸುಕಿನಲ್ಲಿ ಗಾಳಿ ತಣ್ಣಗೆ, ಅಲುಗಾಡದೆ ಇರುತ್ತದೆ. ಭಾರದ ಅನಿಲಗಳು ಆ ಗುಂಡಿಯಲ್ಲಿ ಕೂತುಬಿಡುತ್ತವೆ. ಬಿಸಿಲು ಏರಿದ ಮೇಲೆ ಗಾಳಿ ಕಲಕಲು ಶುರುವಾಗುತ್ತದೆ. ನೀಲಿ ಬೆಂಕಿ ಕಾಣುವುದು ಮಾತ್ರ ಕತ್ತಲಲ್ಲಿ. ಅಂದರೆ ಯಾವ ಹೊತ್ತಿನಲ್ಲಿ ಕುಳಿಯ ಗಾಳಿ ಕೆಟ್ಟದಾಗಿರುವ ಸಾಧ್ಯತೆ ಜಾಸ್ತಿಯೋ ಅದೇ ಹೊತ್ತಿಗೆ ಪ್ರವಾಸಿಗರು ಸಾಲುಗಟ್ಟಿ ಕೆಳಗೆ ಇಳಿಯುತ್ತಾರೆ. 2018ರ ಮಾರ್ಚ್‌ನಲ್ಲಿ ಒಂದು ರಾತ್ರಿ ಕೆರೆಯಿಂದ ಇದ್ದಕ್ಕಿದ್ದಂತೆ ಅನಿಲ ಹೊರಬಂತು. ಸುತ್ತಲಿನ ಊರಿನವರು ನೂರಾರು ಜನ ಮನೆ ಬಿಡಬೇಕಾಯಿತು, ಸುಮಾರು 30 ಮಂದಿ ಆಸ್ಪತ್ರೆ ಸೇರಿದರು. ಅವರು ಕುಳಿಗೆ ಇಳಿದವರಲ್ಲ, ಬೆಟ್ಟದ ಬುಡದಲ್ಲಿ ತಮ್ಮ ಪಾಡಿಗೆ ಮನೆಯಲ್ಲಿದ್ದವರು.

ಈಗ ನಿಮ್ಮ ಮನೆಯವರ ವಿಷಯ. ಆರೋಗ್ಯವಂತರಿಗೆ ಬರೀ ಗಂಟಲು ಕೆರೆತ ಎನ್ನಿಸುವ ಪ್ರಮಾಣದ ಸಲ್ಫರ್ ಡೈಆಕ್ಸೈಡ್ ಅಸ್ತಮಾ ಇದ್ದವರ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಶ್ರಮ ಪಡುತ್ತಿದ್ದಾಗ ಇನ್ನೂ ಬೇಗ. ವಿಶ್ವ ಆರೋಗ್ಯ ಸಂಸ್ಥೆ ಈ ಅನಿಲಕ್ಕೆ 10 ನಿಮಿಷದ ಮಿತಿ ಅಂತ ಒಂದನ್ನು ಬೇರೆಯಾಗಿ ಹಾಕಿರುವುದು ಇದೇ ಕಾರಣಕ್ಕೆ. ಒಂದು ಘನ ಮೀಟರ್ ಗಾಳಿಯಲ್ಲಿ 500 ಮೈಕ್ರೋಗ್ರಾಂ. ಇಜೆನ್‌ನ ಹೊಗೆ ಮುಖಕ್ಕೆ ಬಡಿದರೆ ಆ ಮಿತಿ ಎಲ್ಲೋ ಹಿಂದೆ ಉಳಿಯುತ್ತದೆ. ಅದರ ಜೊತೆ ನಸುಕಿನ ಚಳಿ, ಏರು ಹತ್ತುವ ಶ್ರಮ. ಉಬ್ಬಸ ಕೆರಳಿಸುವ ಮೂರೂ ಒಟ್ಟಿಗೆ ಸೇರಿದವು. ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಮೇಲೆ ಅಟ್ಯಾಕ್ ಆದರೆ ಗಾಡಿ ಸೇರಲು 3 ಕಿಲೋಮೀಟರ್ ಇಳಿಯಬೇಕು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಘಟ್ಟದ ದಾರಿಯಲ್ಲಿ ಒಂದು ಗಂಟೆಗಿಂತ ಜಾಸ್ತಿ. ‘ಅಂಚಿನವರೆಗೆ ಮಾತ್ರ ಬರಲಿ’ ಅಂತ ಅನ್ನಿಸಬಹುದು. ಗಾಳಿ ಈ ಕಡೆ ತಿರುಗಿದರೆ ಅಂಚಿಗೂ, ಕೆಲವೊಮ್ಮೆ ಹತ್ತುವ ದಾರಿಗೂ ಹೊಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಚೌಕಾಸಿ ಬೇಡ.

ಇಲ್ಲಿಗೆ ಬರುವವರು ವೈದ್ಯಕೀಯ ಪ್ರಮಾಣಪತ್ರ ತರಬೇಕು ಎಂಬ ನಿಯಮವೂ ಇದೆ. ಅದನ್ನು ಹೆಸರಿಗೆ ಮಾಡಿಸಿಕೊಳ್ಳಬೇಡಿ. ಹೊರಡುವ ಮೊದಲು ಬೆಂಗಳೂರಿನಲ್ಲೇ ನಿಮ್ಮ ಡಾಕ್ಟರ ಹತ್ತಿರ ನೀವು, ಮಗ ಇಬ್ಬರೂ ತೋರಿಸಿಕೊಳ್ಳಿ. ಅಮ್ಮನಿಗೆ ಉಬ್ಬಸ ಇದ್ದರೆ ಮಗನಿಗೂ ಒಳಗೊಳಗೇ ಅದರ ಒಲವು ಇರಬಹುದು. ಓಡಿದಾಗ ಕೆಮ್ಮು ಬರುತ್ತದಾ, ನೆಗಡಿಯಾದಾಗ ಎದೆಯಲ್ಲಿ ಸಿಳ್ಳೆ ಬರುತ್ತದಾ ಅಂತ ಡಾಕ್ಟರ್ ಕೇಳುತ್ತಾರೆ. ಬೇಕಿದ್ದರೆ ಉಸಿರು ಊದಿಸಿ ಪರೀಕ್ಷೆ ಮಾಡುತ್ತಾರೆ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಮಾಸ್ಕ್ ಬಗ್ಗೆ ಕೇಳಿದ್ದೀರಿ. ಬಟ್ಟೆಯದಾಗಲಿ, ಎನ್-95 ಆಗಲಿ ಅನಿಲ ತಡೆಯುವುದಿಲ್ಲ. ಅವು ದೂಳಿಗೆ ಮಾತ್ರ. ಅನಿಲಕ್ಕೆ ಬೇಕಾದದ್ದು ಮೂಗು ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಮತ್ತು ಎರಡು ಬದಿಗೆ ತಿರುಗಿಸಿ ಹಾಕುವ ಕಾರ್ಟ್ರಿಜ್. ಮುಖ್ಯವಾದದ್ದು ಆ ಕಾರ್ಟ್ರಿಜ್. ಯುರೋಪಿನ ಗುರುತಿನಲ್ಲಿ ಹಳದಿ ಪಟ್ಟಿ, ‘ಇ’ ಅಕ್ಷರ ಇದ್ದರೆ ಸಲ್ಫರ್ ಡೈಆಕ್ಸೈಡ್‌ಗೆ. ಬೂದು ಪಟ್ಟಿ, ‘ಬಿ’ ಅಕ್ಷರ ಇದ್ದರೆ ಹೈಡ್ರೋಜನ್ ಸಲ್ಫೈಡ್‌ನಂಥವಕ್ಕೆ. ಎರಡೂ ಸೇರಿದ ‘ಎ-ಬಿ-ಇ-ಕೆ’ ಕಾರ್ಟ್ರಿಜ್ ಸಿಗುತ್ತದೆ, ಅದು ಒಳ್ಳೆಯದು. ಅದರ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ, ಹೊಸದು ಸೀಲ್ ಮಾಡಿದ ಪೊಟ್ಟಣದಲ್ಲಿ ಬರುತ್ತದೆ. ಒಮ್ಮೆ ಬಿಚ್ಚಿದರೆ ಗಾಳಿಯ ತೇವ, ಅನಿಲ ಎರಡನ್ನೂ ಹೀರುತ್ತಾ ಸವೆಯುತ್ತದೆ. ಬಾಡಿಗೆಗೆ ಕೊಡುವ ಮಾಸ್ಕಿನ ಕಾರ್ಟ್ರಿಜ್ ಎಷ್ಟು ರಾತ್ರಿ, ಎಷ್ಟು ಜನರ ಮುಖದ ಮೇಲೆ ಇತ್ತು ಅಂತ ಕೊಡುವವನಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮದೇ ಒಯ್ಯಿರಿ. ಬೆಂಗಳೂರಿನಲ್ಲಿ ಇಂಡಸ್ಟ್ರಿಯಲ್ ಸೇಫ್ಟಿ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ.

ಕೊಳ್ಳುವಾಗಲೇ ಹಾಕಿ ನೋಡಿ. ಪಟ್ಟಿ ಬಿಗಿದು, ಎರಡೂ ಕಾರ್ಟ್ರಿಜ್ ಬಾಯಿಗಳನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ಉಸಿರು ಒಳಗೆಳೆದುಕೊಳ್ಳಿ. ಮಾಸ್ಕ್ ಮುಖಕ್ಕೆ ಅಂಟಿಕೊಂಡು ಸ್ವಲ್ಪ ಒಳಗೆ ಕುಗ್ಗಬೇಕು. ಕೆನ್ನೆಯ ಪಕ್ಕದಿಂದ ಗಾಳಿ ಸುಳಿದರೆ ಆ ಮಾಸ್ಕ್ ನಿಮಗೆ ಆಗುವುದಿಲ್ಲ. ಗಡ್ಡ ಇದ್ದರೆ ಯಾವ ಮಾಸ್ಕೂ ಸರಿಯಾಗಿ ಕೂರದು, ಹೋಗುವ ಮುನ್ನ ಬೋಳಿಸಿಕೊಳ್ಳಿ. ಮಗನ ಮುಖಕ್ಕೆ ಸಣ್ಣ ಅಳತೆಯದು ಬೇಕು. 13ರ ಹುಡುಗನ ಮುಖಕ್ಕೆ ದೊಡ್ಡವರ ಮಾಸ್ಕ್ ಹಾಕಿ ಹಗ್ಗ ಬಿಗಿದರೆ ಏನೂ ಪ್ರಯೋಜನವಿಲ್ಲ. ಇನ್ನೊಂದು ಮಾತು. ಎಷ್ಟೇ ಒಳ್ಳೆಯ ಕಾರ್ಟ್ರಿಜ್ ಆಗಿರಲಿ, ಅದು ಕಾರ್ಬನ್ ಡೈಆಕ್ಸೈಡ್ ತಡೆಯುವುದಿಲ್ಲ, ಆಮ್ಲಜನಕ ಕೊಡುವುದೂ ಇಲ್ಲ. ಮಾಸ್ಕ್ ಇರುವುದು ಹೊಗೆಯಿಂದ ಹೊರಗೆ ಬರಲು. ಹೊಗೆಯೊಳಗೆ ನಿಂತು ಫೋಟೊ ತೆಗೆಯಲು ಅದು ಪರವಾನಗಿ ಅಲ್ಲ.

ನೀಲಿ ಬೆಂಕಿಗೆ ಬರೋಣ, ಮಗ ಕಾಯುತ್ತಿರುತ್ತಾನೆ. ಅದು ಲಾವಾ ಅಲ್ಲ. ಬಿರುಕುಗಳಿಂದ ಗಂಧಕದ ಅನಿಲ ಭಾರಿ ಒತ್ತಡದಲ್ಲಿ ಹೊರಗೆ ಬರುತ್ತದೆ, ಕೆಲವು ಕಡೆ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಇರುತ್ತದೆ. ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಗಂಧಕದ ಜ್ವಾಲೆಯ ಬಣ್ಣ ನೀಲಿ. ಸ್ವಲ್ಪ ಗಂಧಕ ದ್ರವವಾಗಿ ಇಳಿಜಾರಿನಲ್ಲಿ ಉರಿಯುತ್ತಾ ಹರಿಯುವುದರಿಂದ ದೂರಕ್ಕೆ ನೀಲಿ ಲಾವಾದ ಹಾಗೆ ಕಾಣುತ್ತದೆ. ಹಗಲಲ್ಲೂ ಉರಿಯುತ್ತಲೇ ಇರುತ್ತದೆ, ಬೆಳಕಿನಲ್ಲಿ ಕಾಣುವುದಿಲ್ಲ ಅಷ್ಟೇ. ನೀವು ನೋಡಿದ ಫೋಟೊಗಳು ಕ್ಯಾಮೆರಾ ಶಟರ್ ಬಹಳ ಹೊತ್ತು ತೆರೆದಿಟ್ಟು ತೆಗೆದವು. ಬರಿಗಣ್ಣಿಗೆ ಅಷ್ಟು ಕಾಣದು. ಕೆಲವು ರಾತ್ರಿ ಹೊಗೆಯ ಮರೆಯಲ್ಲಿ ಏನೂ ಕಾಣುವುದಿಲ್ಲ. ಇದನ್ನು ಮಗನಿಗೆ ಈಗಲೇ ಹೇಳಿಟ್ಟರೆ ಒಳ್ಳೆಯದು. ಅಂಚಿನಲ್ಲಿ ನಿಂತು, ಹೊಗೆ ಸರಿದಾಗ, ಕೆಳಗೆ ಸಣ್ಣ ನೀಲಿ ಮಿಣುಕು ಕಾಣಬಹುದು. ಅಷ್ಟಕ್ಕೆ ತೃಪ್ತಿಪಡಿ.

ಅಂಚಿನಿಂದ ಕುಳಿಯೊಳಗೆ ಇಳಿಯುವ ದಾರಿ ಸುಮಾರು 800 ಮೀಟರ್. ಕಲ್ಲು ಬಂಡೆಗಳ ನಡುವೆ, ಕತ್ತಲಲ್ಲಿ, ಒಬ್ಬರ ಹಿಂದೆ ಒಬ್ಬರು. ಇಳಿಯಬಾರದು ಎಂಬ ಫಲಕ ಅಲ್ಲೇ ಇದೆ, ಅದನ್ನು ದಾಟಿ ಇಳಿಸುವ ಗೈಡುಗಳೂ ಇದ್ದಾರೆ. ಹೊಗೆ ತಿರುಗಿದರೆ ಆ ಸಾಲಿನಲ್ಲಿ ಹಿಂದೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ಅದೇ ದಾರಿಯಲ್ಲಿ ಗಂಧಕದ ಕೂಲಿಗಳು ಮೇಲೆ ಬರುತ್ತಿರುತ್ತಾರೆ.

ಅವರ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಲೇಬೇಕು. ಹೊಗೆ ಬರುವ ಬಿರುಕಿನ ಮೇಲೆ ದಪ್ಪ ಕೊಳವೆಗಳನ್ನು ಇಳಿಜಾರಿಗೆ ಜೋಡಿಸಿರುತ್ತಾರೆ. ಅನಿಲ ಕೊಳವೆಯಲ್ಲಿ ಇಳಿಯುತ್ತಾ ತಣ್ಣಗಾಗಿ, ತುದಿಯಲ್ಲಿ ಕಡುಗೆಂಪು ದ್ರವವಾಗಿ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದು ಆರುತ್ತಾ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ, ಗಟ್ಟಿ ಹಾಳೆಯಾಗುತ್ತದೆ. ಅದನ್ನು ಸಲಾಕೆಯಿಂದ ಒಡೆದು ಎರಡು ಬಿದಿರಿನ ಬುಟ್ಟಿಗೆ ತುಂಬಿ, ಅಡ್ಡೆಯಲ್ಲಿ ಹೆಗಲಿಗೇರಿಸಿ, ಕುಳಿಯ ಗೋಡೆ ಹತ್ತುತ್ತಾರೆ. ಒಂದು ಹೊರೆ 70ರಿಂದ 90 ಕಿಲೋ. ಹೊರುವವರ ತೂಕ ಅದಕ್ಕಿಂತ ಕಡಿಮೆ ಇರುತ್ತದೆ. ಎಷ್ಟೋ ಜನರಿಗೆ ಮಾಸ್ಕ್ ಇಲ್ಲ, ಒದ್ದೆ ಬಟ್ಟೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಅವರು ಎದುರಾದರೆ ನಿಂತುಬಿಡಿ, ಅವರು ಹೋಗುವ ದಾರಿ ಬಿಡಿ, ಟಾರ್ಚಿನ ಬೆಳಕು ಅವರ ಕಣ್ಣಿಗೆ ಬಿಡಬೇಡಿ. ಫೋಟೊ ತೆಗೆಯುವ ಮುನ್ನ ಕೇಳಿ. ತೆಗೆದರೆ ದುಡ್ಡು ಕೊಡಿ. ‘ಅವರು ಮಾಸ್ಕ್ ಇಲ್ಲದೆ ಇಳಿಯುತ್ತಾರಲ್ಲ, ನಮಗೇನು’ ಎಂಬ ಮಾತು ಪ್ರವಾಸಿಗರ ಬಾಯಲ್ಲಿ ಕೇಳಿದಾಗ ನನಗೆ ಬೇಸರವಾಗುತ್ತದೆ. ಅವರ ಹಲ್ಲು, ಶ್ವಾಸಕೋಶ ಅದಕ್ಕೆ ಬೆಲೆ ತೆರುತ್ತಿವೆ. ಅಂದ ಹಾಗೆ, ಗಂಧಕದಲ್ಲಿ ಎರಕ ಹೊಯ್ದ ಆಮೆ, ಹೂವಿನ ಗೊಂಬೆಗಳನ್ನು ದಾರಿಯಲ್ಲಿ ಮಾರುತ್ತಾರೆ. ಅವರಿಗೆ ದುಡ್ಡು ಕೊಡಿ, ಗೊಂಬೆ ತರಬೇಡಿ. ಗಂಧಕ ಉರಿಯುವ ವಸ್ತು, ವಿಮಾನದಲ್ಲಿ ಒಯ್ಯುವಂತಿಲ್ಲ.

ಇನ್ನು ಜ್ವಾಲಾಮುಖಿ ಸಿಡಿಯುವ ಮಾತು. ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಬಾಂಡುಂಗ್‌ನಲ್ಲಿದೆ, ಪಿ.ವಿ.ಎಂ.ಬಿ.ಜಿ. ಅಂತ. ಅವರ ‘ಮ್ಯಾಗ್ಮಾ ಇಂಡೋನೇಷ್ಯಾ’ ತಾಣದಲ್ಲಿ ಪ್ರತಿ ಬೆಟ್ಟದ ಸ್ಥಿತಿ ದಿನವೂ ಸಿಗುತ್ತದೆ. ಅಪಾಯ ಏರುವ ಕ್ರಮದಲ್ಲಿ ನಾಲ್ಕು ಹಂತ: ನಾರ್ಮಲ್, ವಾಸ್ಪಾಡಾ, ಸಿಯಾಗಾ, ಆವಾಸ್. ಹೊರಡುವ ವಾರದಿಂದ ದಿನವೂ ನೋಡಿ. ವಾಸ್ಪಾಡಾಕ್ಕೆ ಏರಿದ್ದರೆ ಕುಳಿಯ ಸುತ್ತ ಇಷ್ಟು ದೂರ ಹೋಗಬಾರದು ಎಂಬ ಸೂಚನೆ ಜೊತೆಗೇ ಬರುತ್ತದೆ. 2023ರ ಜನವರಿಯಲ್ಲಿ ಇಜೆನ್‌ಗೆ ಹಾಗೆ ಏರಿಸಿದ್ದರು. ನೀವು ಹೋಗುವಾಗಲೂ ಹಾಗೆ ಏರಿದ್ದರೆ, ಟೂರ್‌ನವರು ಏನೇ ಹೇಳಲಿ, ಹೋಗಬೇಡಿ. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಸಿಡಿದಾಗ ಬೆಟ್ಟದ ಮೇಲೆ ಸುಮಾರು 75 ಜನ ಇದ್ದರು, 24 ಮಂದಿ ಸತ್ತರು. ಆ ಬೆಟ್ಟ ಮೊದಲಿನಿಂದಲೂ ಎರಡನೇ ಹಂತದಲ್ಲಿತ್ತು, ಕುಳಿಯಿಂದ 3 ಕಿಲೋಮೀಟರ್ ಒಳಗೆ ಹೋಗಬಾರದು ಅಂತ ಸಂಸ್ಥೆ ಹೇಳಿತ್ತು.

ನಾರ್ಮಲ್ ಅಂದರೆ ಅಪಾಯ ಸೊನ್ನೆ ಅಂತಲೂ ಅಲ್ಲ. ಜಪಾನಿನ ಓಂಟಾಕೆ ಬೆಟ್ಟ 2014ರ ಸೆಪ್ಟೆಂಬರ್ 27ರಂದು, ಶನಿವಾರ, ನಡುಹಗಲಿಗೆ ಸ್ವಲ್ಪ ಮುಂಚೆ ಸಿಡಿಯಿತು. ಎಚ್ಚರಿಕೆ ಅತಿ ಕೆಳಗಿನ ಹಂತದಲ್ಲಿತ್ತು. ಶಿಖರದ ಹತ್ತಿರ ಜನ ಬುತ್ತಿ ಬಿಚ್ಚುವ ಹೊತ್ತು. ಸತ್ತವರು, ಸಿಗದೇ ಹೋದವರು ಸೇರಿ 63 ಮಂದಿ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು 47 ಜನರಿದ್ದಾಗ ಸಿಡಿದು 22 ಮಂದಿ ಸತ್ತರು. ಈ ಎರಡೂ ಕಡೆ ಮುಖ್ಯ ಪಾತ್ರ ಆವಿಯದು. ನೆಲದೊಳಗೆ ಬಂಡೆಗಳ ನಡುವೆ ಸಿಕ್ಕಿದ ನೀರು ಬಿಸಿಯಾಗಿ, ಒತ್ತಡ ತಡೆಯಲಾರದೆ ಒಮ್ಮೆಲೇ ಆವಿಯಾಗಿ, ಮೇಲಿನ ಕಲ್ಲನ್ನು ಎತ್ತಿ ಎಸೆಯುತ್ತದೆ. ಹೊಸ ಶಿಲಾಪಾಕ, ಅಂದರೆ ಕರಗಿದ ಬಂಡೆ, ಮೇಲೆ ಬರುವಾಗ ನೆಲ ಉಬ್ಬುತ್ತದೆ, ಕಂಪನಗಳು ದಿನಗಟ್ಟಲೆ ಹೆಚ್ಚುತ್ತವೆ, ಯಂತ್ರಗಳು ಹಿಡಿಯುತ್ತವೆ. ಆವಿಯ ಸ್ಫೋಟಕ್ಕೆ ಅಂಥ ಮುನ್ಸೂಚನೆ ನಿಮಿಷಗಳಷ್ಟೇ ಇರಬಹುದು, ಇಲ್ಲದೆಯೂ ಇರಬಹುದು. ಇಜೆನ್‌ನ ಈಚಿನ ಸ್ಫೋಟಗಳು ಇದೇ ಜಾತಿಯವು. ಅದರ ತಲೆಯ ಮೇಲೆ ಸುಮಾರು 3 ಕೋಟಿ ಘನ ಮೀಟರ್ ನೀರಿನ ಕೆರೆ ಕೂತಿದೆ.

ಆ ಕೆರೆ ಅಷ್ಟು ಚೆಂದ. ಹಸಿರು ಬೆರೆತ ತಿಳಿ ನೀಲಿ, ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ, ಆಳ 200 ಮೀಟರ್‌ವರೆಗೆ. ನೀರಿನ ಪಿ.ಎಚ್. (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 0.5ಕ್ಕಿಂತಲೂ ಕಡಿಮೆ. ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್ ಎರಡೂ ಆಮ್ಲ ಅದರಲ್ಲಿವೆ. ಇಷ್ಟು ದೊಡ್ಡ, ಇಷ್ಟು ಹುಳಿಯ ಕೆರೆ ಭೂಮಿಯ ಮೇಲೆ ಇನ್ನೊಂದಿಲ್ಲ. ನಾನು ಅಂಚಿನಲ್ಲೇ ನಿಲ್ಲಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ. ಕೆರೆಯ ನಿಜವಾದ ಬಣ್ಣ, ಕುಳಿಯ ಗೋಡೆಯ ಪದರಗಳು, ದಡದ ಹಳದಿ ಗಂಧಕ ಎಲ್ಲ ಬಿಸಿಲು ಬಿದ್ದ ಮೇಲೆ ಮೇಲಿನಿಂದಲೇ ಚೆನ್ನಾಗಿ ಕಾಣುವುದು. ಕತ್ತಲಲ್ಲಿ ಕೆಳಗಿಳಿದು ಕೆಮ್ಮುತ್ತಾ ಬಂದ ಎಷ್ಟೋ ಜನ ಬೆಳಗಾಗುವಷ್ಟರಲ್ಲಿ ಸುಸ್ತಾಗಿ ಇದನ್ನು ನೋಡದೆಯೇ ಇಳಿದುಬಿಡುತ್ತಾರೆ. ಅಂಚಿನಲ್ಲೂ ಕಾಲಿನ ಮೇಲೆ ಗಮನ ಇರಲಿ. ನೆಲ ಸಡಿಲ ಮಣ್ಣು, ಬೇಲಿ ಎಲ್ಲ ಕಡೆ ಇಲ್ಲ. 2024ರ ಏಪ್ರಿಲ್‌ನಲ್ಲಿ ಫೋಟೊಗೆ ನಿಂತ ಪ್ರವಾಸಿಯೊಬ್ಬರು ಹಿಂದಕ್ಕೆ ಸರಿಯಲು ಹೋಗಿ ಕುಳಿಗೆ ಬಿದ್ದು ತೀರಿಕೊಂಡರು. ಕ್ಯಾಮೆರಾ ಹಿಡಿದವರು ಮಗನಿಗೆ ‘ಸ್ವಲ್ಪ ಹಿಂದೆ ಹೋಗು’ ಅಂತ ಹೇಳಲೇಬಾರದು.

ಈಗ ದಿನದ ಲೆಕ್ಕ. ದಕ್ಷಿಣ ಬಾಲಿಯಿಂದ ಗಿಲಿಮಾನುಕ್ ಬಂದರಿಗೆ ಮೂರು ನಾಲ್ಕು ಗಂಟೆ ಗಾಡಿ. ಅಲ್ಲಿಂದ ಜಲಸಂಧಿ ದಾಟಿ ಜಾವಾದ ಕೆಟಾಪಾಂಗ್‌ಗೆ ಫೆರ್ರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮತ್ತೆ ಘಟ್ಟದ ದಾರಿಯಲ್ಲಿ ಪಾಲ್ಟುಡಿಂಗ್‌ಗೆ ಒಂದೂವರೆ ಗಂಟೆ ಹಿಡಿಯಿರಿ. ಟೂರ್‌ನವರ ಪ್ಲಾನ್‌ನಲ್ಲಿ ಇದೆಲ್ಲ ರಾತ್ರಿ ನಡೆಯಬೇಕು, ವಾಪಸ್ ಬರುವುದೂ ಅದೇ ನಿದ್ದೆಗೆಟ್ಟ ಡ್ರೈವರ್ ಜೊತೆ. ನನಗೆ ಬೆಟ್ಟದಷ್ಟೇ ಹೆದರಿಕೆ ಆ ವಾಪಸ್ ದಾರಿಯದು. ನಿದ್ದೆ ಇಲ್ಲದ ತಲೆ ‘ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಇಳಿದೇ ಬಿಡೋಣ’ ಅಂತಲೇ ಯೋಚಿಸುತ್ತದೆ.

ಬದಲಿಗೆ ಹಿಂದಿನ ದಿನ ಹಗಲಲ್ಲೇ ಹೊರಟು, ಜಲಸಂಧಿ ದಾಟಿದ ಮೇಲೆ ಜಾವಾದ ಬದಿಯಲ್ಲೇ ಸಿಗುವ ಬನ್ಯುವಾಂಗಿ ಊರಿನಲ್ಲಿ ಉಳಿದುಕೊಳ್ಳಿ. ಬೇಗ ಊಟ ಮಾಡಿ ಮಲಗಿ. ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ಅಲಾರಂ ಇಡುವಾಗ, ಡ್ರೈವರಿಗೆ ಸಮಯ ಹೇಳುವಾಗ ಯಾವ ದ್ವೀಪದ ಗಂಟೆ ಅಂತ ಸ್ಪಷ್ಟ ಮಾಡಿಕೊಳ್ಳಿ. ಗೇಟು ಸಾಮಾನ್ಯವಾಗಿ ನಸುಕಿನ 2ರ ಸುಮಾರಿಗೆ ತೆರೆಯುತ್ತದೆ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಿ, ಆ ದಿನ ಬೆಟ್ಟ ತೆರೆದಿದೆಯಾ ಅಂತಲೂ ಖಚಿತ ಮಾಡಿಕೊಳ್ಳಿ. ಗೇಟು ತೆರೆದ ಕೂಡಲೇ ನುಗ್ಗುವ ಗುಂಪು ಕುಳಿಗೆ ಇಳಿಯುವವರದು, ಅವರ ಜೊತೆ ಓಡಬೇಡಿ. ಎರಡೂವರೆ ಗಂಟೆಗೆ ಹೊರಟರೆ ನಾಲ್ಕೂವರೆಗೆ ಅಂಚಿನಲ್ಲಿರುತ್ತೀರಿ. ಇನ್ನೂ ಕತ್ತಲಿರುತ್ತದೆ. ನೀಲಿ ಮಿಣುಕು ಕಂಡರೆ ಅದೃಷ್ಟ. ಆಗಸ್ಟ್‌ನಲ್ಲಿ ಸೂರ್ಯ ಐದೂವರೆ ಹೊತ್ತಿಗೆ ಹುಟ್ಟುತ್ತಾನೆ. ಆರರಿಂದ ಏಳರವರೆಗೆ ಕೆರೆ ನೋಡಿ, ಎಂಟೂವರೆಗೆಲ್ಲ ಕೆಳಗೆ ಬನ್ನಿ.

ಹೊರಡುವ ಮುನ್ನ, ಕೆಳಗೆ, ತಲೆ ತಣ್ಣಗಿರುವಾಗಲೇ ತಂದೆ ಮಗ ಇಬ್ಬರೂ ಕೂತು ಯಾವಾಗ ವಾಪಸ್ ತಿರುಗುವುದು ಅಂತ ತೀರ್ಮಾನ ಮಾಡಿ. ಹೊಗೆ ದಾರಿಗೆ ಬರುತ್ತಿದ್ದರೆ. ಇಬ್ಬರಲ್ಲಿ ಒಬ್ಬರಿಗೆ ಕೆಮ್ಮು ಒಂದೆರಡು ನಿಮಿಷದಲ್ಲಿ ನಿಲ್ಲದಿದ್ದರೆ. ತಲೆನೋವು, ವಾಕರಿಕೆ ಬಂದರೆ. ಇದ್ದ ಕೊಳೆತ ಮೊಟ್ಟೆ ವಾಸನೆ ಇದ್ದಕ್ಕಿದ್ದಂತೆ ಮಾಯವಾದರೆ. ಇಬ್ಬರಲ್ಲಿ ಯಾರು ‘ಸಾಕು’ ಅಂದರೂ ಇನ್ನೊಬ್ಬರು ಕಾರಣ ಕೇಳದೆ ತಿರುಗಬೇಕು, 13ರ ಹುಡುಗ ಹೇಳಿದರೂ ಸರಿ. ಗೈಡಿಗೂ ಇದನ್ನು ಮೊದಲೇ ಹೇಳಿ. ಗೈಡ್ ಬುಕ್ ಮಾಡುವಾಗಲೇ ‘ನಾವು ಕುಳಿಗೆ ಇಳಿಯುವುದಿಲ್ಲ’ ಎಂದುಬಿಟ್ಟರೆ ಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ. ಹೊಗೆ ಮುಖಕ್ಕೆ ಬಂದರೆ ಮಾಸ್ಕ್ ಹಾಕಿ, ಗಾಳಿಗೆ ಅಡ್ಡವಾಗಿ ಪಕ್ಕಕ್ಕೆ ಸರಿಯಿರಿ, ತಗ್ಗಿನಲ್ಲಿ ನಿಲ್ಲಬೇಡಿ, ಓಡಬೇಡಿ. ಸಿಡಿತದ ಸದ್ದು ಬಂದರೆ ದೊಡ್ಡ ಬಂಡೆಯ ಹಿಂದೆ ಬಾಗಿ ಬ್ಯಾಗಿನಿಂದ ತಲೆ ಮುಚ್ಚಿಕೊಳ್ಳಿ, ಕಲ್ಲು ಬೀಳುವುದು ನಿಂತ ಕೂಡಲೇ ಹೊರ ಇಳಿಜಾರಿನ ದಾರಿ ಹಿಡಿಯಿರಿ. ವಿಡಿಯೊ ಬೇಡ.

ಸಾಮಾನಿನ ವಿಷಯ ಚಿಕ್ಕದು. ನಸುಕಿನಲ್ಲಿ ಚಳಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಬೆಚ್ಚನೆಯ ಜಾಕೆಟ್, ಟೋಪಿ, ಕೈಗವಸು ಬೇಕು. ತಲೆಗೆ ಕಟ್ಟುವ ಟಾರ್ಚ್, ಹಿಡಿತ ಇರುವ ಶೂ, ಇಳಿಯುವಾಗ ಜಾರುವ ಮಣ್ಣಿಗೆ ಒಂದು ಕೋಲು. ತಲಾ ಒಂದೂವರೆ ಲೀಟರ್ ನೀರು. ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಅನಿಲ ಅದರ ಹಿಂದೆ ಸಿಕ್ಕಿ ಕಣ್ಣು ಉರಿಯುತ್ತದೆ. ಬೆಳ್ಳಿಯ ಸರ, ಉಂಗುರ ಇದ್ದರೆ ತೆಗೆದಿಡಿ, ಗಂಧಕದ ಅನಿಲಕ್ಕೆ ಒಂದೇ ದಿನದಲ್ಲಿ ಕಪ್ಪಾಗುತ್ತವೆ. ಪಾಲ್ಟುಡಿಂಗ್‌ನಲ್ಲಿ ಚಹಾ, ನೂಡಲ್ಸ್, ಬಾಳೆಹಣ್ಣಿನ ಬಜ್ಜಿ ಸಿಗುತ್ತವೆ. ಸಸ್ಯಾಹಾರಿಗಳಾದರೆ ನೂಡಲ್ಸಿನ ಮಸಾಲೆ ವಿಚಾರಿಸಿ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಇನ್ನೂ ವಾಸಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಚಾರಣ, ಜ್ವಾಲಾಮುಖಿ ಎರಡರ ಬಗ್ಗೆ ಏನಿದೆ ಅಂತ ಓದಿ. ವಾಪಸ್ ವಿಮಾನದ ಹಿಂದಿನ ದಿನ ಈ ಚಾರಣ ಇಟ್ಟುಕೊಳ್ಳಬೇಡಿ. 2015ರ ಜುಲೈನಲ್ಲಿ ಇಜೆನ್ ಪಕ್ಕದ ರೌಂಗ್ ಬೂದಿ ಉಗುಳಿದಾಗ ಬಾಲಿ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು.

ನಿಮ್ಮ ಮನೆಯವರನ್ನು ಹೋಟೆಲಿನಲ್ಲಿ ಕೂರಿಸಿ ಹೋಗುವುದು ಸರಿ ಅನ್ನಿಸದಿದ್ದರೆ ಬಾಲಿಯಲ್ಲೇ ಇರುವ ಬಾಟೂರ್ ನೋಡಿ. ಅದೂ ಜೀವಂತ ಜ್ವಾಲಾಮುಖಿ, 2000ದಲ್ಲಿ ಸಿಡಿದಿತ್ತು. ಎತ್ತರ 1,717 ಮೀಟರ್, ನಮ್ಮ ಕುಮಾರ ಪರ್ವತಕ್ಕಿಂತ 5 ಮೀಟರ್ ಜಾಸ್ತಿ. ಏರಿಕೆ ಇಜೆನ್‌ಗಿಂತ ಹೆಚ್ಚು, ಅನಿಲ ಬಹಳ ಕಡಿಮೆ. ಅಲ್ಲಲ್ಲಿ ಬಿಸಿ ಆವಿ ಬರುವ ಬಿರುಕುಗಳಿವೆ, ಅವುಗಳ ಹತ್ತಿರ ನಿಲ್ಲದಿದ್ದರಾಯಿತು. 1926ರಲ್ಲಿ ಅದರ ಲಾವಾ ಬಾಟೂರ್ ಊರನ್ನೂ ದೇವಸ್ಥಾನವನ್ನೂ ನುಂಗಿತು. ಊರಿನವರು ದೇವಸ್ಥಾನವನ್ನು ಮೇಲಿನ ಅಂಚಿನಲ್ಲಿ ಮತ್ತೆ ಕಟ್ಟಿಕೊಂಡರು. ಕಪ್ಪು ಲಾವಾದ ಬಯಲು ಇವತ್ತಿಗೂ ಹಾಗೇ ಬಿದ್ದಿದೆ. ಅಂಚಿನ ರಸ್ತೆಯಲ್ಲಿ ಗಾಡಿಯಲ್ಲೇ ಕೂತು ಇಡೀ ದೃಶ್ಯ ನೋಡಬಹುದು. ಅವರು ಹತ್ತಲೇಬೇಕೆಂದರೆ ಅದಕ್ಕೂ ಡಾಕ್ಟರ ಒಪ್ಪಿಗೆ ಬೇಕು, ಚಳಿ ಮತ್ತು ಏರು ಅಲ್ಲೂ ಇವೆ. ಮೂರೂ ಜನ ಒಟ್ಟಿಗೆ ಹೋಗಬೇಕು ಎಂದಿದ್ದರೆ ನಾನು ಇಜೆನ್ ಬಿಟ್ಟು ಇದನ್ನೇ ಆರಿಸುತ್ತೇನೆ.

ಇಜೆನ್‌ಗೆ ಹೋಗಿ ಬಂದರೆ, ಇಳಿದ ಕೂಡಲೇ ಶುದ್ಧ ನೀರಿನಲ್ಲಿ ಕಣ್ಣು, ಮುಖ ತೊಳೆದು ಬಟ್ಟೆ ಬದಲಿಸಿ. ಹೊಗೆ ಹಿಡಿದ ಬಟ್ಟೆಯನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ಅದನ್ನು ಮುಚ್ಚಿದ ಗಾಡಿಯಲ್ಲಿ, ರೂಮಿನಲ್ಲಿ ಹರಡಿದರೆ ಬೆಟ್ಟ ಹತ್ತದ ನಿಮ್ಮ ಮನೆಯವರಿಗೂ ಕೆಮ್ಮು ಬರಬಹುದು. ಹೊಗೆ ಜಾಸ್ತಿ ಕುಡಿದಿದ್ದರೆ ಶ್ವಾಸಕೋಶದ ತೊಂದರೆ ತಡವಾಗಿಯೂ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನ ಗಮನಿಸಿ. ಎದೆ ಬಿಗಿತ, ಏದುಸಿರು, ನಿಲ್ಲದ ಕೆಮ್ಮು ಇದ್ದರೆ ಬೆಂಗಳೂರಿಗೆ ಬಂದ ಮೇಲೆ ನೋಡೋಣ ಅಂತ ಕಾಯದೆ ಅಲ್ಲೇ ಆಸ್ಪತ್ರೆಗೆ ಹೋಗಿ, ಗಂಧಕದ ಹೊಗೆ ಕುಡಿದಿದ್ದೇವೆ ಅಂತ ಮೊದಲ ಮಾತಿನಲ್ಲೇ ಹೇಳಿ.